ನಾನು ಬರೆದ ಗಡಿಮುತ್ಯಾನ ಹೆಸರು

ಕಾಕಾನ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಯಾವುದೋ ಕಾಲದಲ್ಲಿ ಉಕ್ಕಿನ ಚೂರು ಹೊಕ್ಕು ಸೀಳಿದ್ದು ಮತ್ತೆ ಕೂಡಿರಲಿಲ್ಲ. ಲೇತ್ ಯಂತ್ರದಿಂದ ಶಾಫ್ಟು ಇಳಿಸಿದ ಮೇಲೆ ಅವರು ಅದೇ ಉಗುರನ್ನು ಅದರ ಮೈಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ನಮ್ಮ ಕಣ್ಣಿಗೆ ಕನ್ನಡಿಯಂತೆ ಹೊಳೆಯುತ್ತಿದ್ದರೂ ಉಗುರು ಒಂದು ಕಡೆ ತಡೆಯಿತೆಂದರೆ ಮತ್ತೆ ಯಂತ್ರಕ್ಕೆ ಏರಿಸುತ್ತಿದ್ದರು.

"ಕಣ್ಣು ಸುಳ್ಳು ಹೇಳತೈತಿ ತಮ್ಮಾ, ಉಗರ ಹೇಳೂದಿಲ್ಲ," ಎನ್ನುತ್ತಿದ್ದರು.

ಕುವೈತಿನ ರಾಯ್ ಎಂಬ ಕೈಗಾರಿಕಾ ಪ್ರದೇಶದ ಆ ವರ್ಕ್‌ಶಾಪಿನಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಅವರು ನನಗಿಂತ ಹತ್ತು ವರ್ಷ ದೊಡ್ಡವರು, ನಮ್ಮ ಸೀಮೆಯವರೇ. ನನಗೆ ರಕ್ತಸಂಬಂಧವೇನಿಲ್ಲ. ಲಾಹೋರಿನ ವೆಲ್ಡರ್ ಕೂಡ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದ. ಹೊಸದಾಗಿ ಬಂದವನಿಗೆ ಮೊದಲ ತಿಂಗಳು ಅವರ ಮನೆಯ ರೊಟ್ಟಿ. ನಾನೂ ತಿಂದವನೇ.

ಕಾಕಾನ ಹತ್ತಿರ ಹಾಲಿನಪುಡಿಯ ಒಂದು ಹಳೆಯ ಡಬ್ಬಿ ಇತ್ತು. ಅದರೊಳಗೆ ಅವರ ಮನೆತನದ ಕಾಗದಗಳು. ಅವರ ಮುತ್ತಜ್ಜನ ಅಪ್ಪ, ನಿಜಾಮರ ಸೀಮೆಯೂ ಇಂಗ್ಲಿಷರ ಸೀಮೆಯೂ ಕೂಡುವ ಹಳ್ಳದ ದಂಡೆಯಲ್ಲಿ ಗಡಿಚೌಕಿ ಕಾಯುತ್ತಿದ್ದನಂತೆ. ಮನೆಯಲ್ಲಿ ಅವನನ್ನು ಗಡಿಮುತ್ಯಾ ಎಂದಷ್ಟೇ ಕರೆಯುತ್ತಿದ್ದರು. ಸೊಸೆಯಂದಿರು ಹಿರಿಯರ ಹೆಸರು ಹಿಡಿಯಬಾರದೆಂಬ ರೂಢಿಯಲ್ಲಿ ನಿಜವಾದ ಹೆಸರು ಎರಡು ತಲೆಮಾರಿನಲ್ಲಿ ಅಳಿಸಿಹೋಗಿತ್ತು. ಉರ್ದುವಿನ ಒಂದು ಕಾಗದ ಉಳಿದಿತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಲಾಹೋರಿನವನು ಅದನ್ನು ಓದಿದ. ಗಡಿಯ ಪಹರೆಯವನು ಎಂದಿತ್ತು, ಕುದುರೆಯ ಬಣ್ಣ ಕಂದು ಎಂದಿತ್ತು. ಹೆಸರಿರಬೇಕಾದ ಜಾಗದಲ್ಲಿ ತೂತು.

"ಖಲಾಸ್, ಕಾಕಾ. ಕೀಡಾ ನಾಮ್ ಖಾ ಗಯಾ," ಎಂದ ಅವನು.

"ಇಷ್ಟುದ್ದ ಕಾಗದದಾಗ ಆ ಹುಳಕ್ಕ ನಮ್ಮ ಮುತ್ಯಾನ ಹೆಸರ ರುಚಿ ಹತ್ತಿತೇನಪಾ?" ಎಂದು ಕಾಕಾ ನಕ್ಕರು. ನಗುತ್ತಲೇ ಆ ತೂತಿನ ಅಂಚಿಗೆ ಉಗುರು ತಾಗಿಸಿ ನೋಡಿದರು.

ಅವರಿಗೆ ಅದು ಕಾಲ ಕಳೆಯುವ ಹವ್ಯಾಸವಾಗಿರಲಿಲ್ಲ. ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಒಬ್ಬೊಬ್ಬರ ಹೆಸರು ಹಿಡಿದು ಕರೆಯಬೇಕು. ಗಡಿಮುತ್ಯಾನ ಎಲೆಯ ಮುಂದೆ ಬಂದಾಗ ಕಾಕಾ ಸುಮ್ಮನೆ ಕೈಮುಗಿಯುತ್ತಿದ್ದರು. "ಹೆಸರಿಲ್ಲದ ಕರದ್ರ ಯಾರು ಬರ್ತಾರ? ಹಸದ ಹೋಗ್ತಾನ ಅಂವ," ಎಂದು ಒಮ್ಮೆ ನನ್ನೆದುರು ಕಣ್ಣೊರೆಸಿಕೊಂಡಿದ್ದರು. ಆ ವರ್ಷ ಸೊಸೆ ಬಸುರಿ. ಗಂಡು ಹುಟ್ಟಿದರೆ ಅವನ ಹೆಸರೇ ಇಡಬೇಕೆಂದು ಆಸೆ.

ನಾನು ಎರಡು ತಿಂಗಳ ರಜೆಗೆ ಊರಿಗೆ ಹೊರಟಿದ್ದೆ. ನಮ್ಮೂರಿನಿಂದ ಒಂದು ಬಸ್ಸಿನ ದಾರಿಯಲ್ಲಿ ಅವರ ಮನೆತನದ ಹೆಳವನ ಊರು. ಮನೆಮನೆಗೆ ಹೋಗಿ ವಂಶಾವಳಿ ಹೇಳುವುದು ಹೆಳವರ ಕಸುಬು. ಕಾಕಾನ ಅಪ್ಪ ಯಾವುದೋ ಸಿಟ್ಟಿಗೆ ಅವನನ್ನು ಬಾಗಿಲಿಂದ ಹಿಂದೆ ಕಳಿಸಿದ್ದರಂತೆ, ಅಂದಿನಿಂದ ಅವನು ಬಂದಿರಲಿಲ್ಲ.

"ಮುದುಕ ಇನ್ನೂ ಅದಾನಂತ. ನೀ ಓದಿದಾಂವ, ಅಂವ ಹೇಳಿದ್ದನ್ನ ಹೇಳಿದಂಗ ಬರಕೊಂಡ ಬಾ. ನಮ್ಮಪ್ಪನ ತಪ್ಪಾತು ಅಂತ ಹೇಳಿ ಇದನ್ನ ಅವಗ ಹೊದಸು," ಎಂದು ಹುಲಿಯ ಚಿತ್ರದ ದಪ್ಪ ರಗ್ಗೊಂದನ್ನು ನನ್ನ ಕೈಗಿಟ್ಟರು.

ನಾನು ಹೋಗಲಿಲ್ಲ. ಹೋಗಲಾಗದಂತಹ ಕಾರಣವೇನೂ ಇರಲಿಲ್ಲ. ತಂಗಿಯ ಮನೆಯಲ್ಲಿ ಇದ್ದೆ, ಗೆಳೆಯರಿದ್ದರು, ಇಸ್ಪೀಟು ಇತ್ತು. ನಾಳೆ ನಾಳೆ ಎನ್ನುತ್ತಾ ರಜೆ ಮುಗಿಯಿತು. ರಗ್ಗನ್ನು ತಂಗಿ ಕೇಳಿದಳು, ಕೊಟ್ಟುಬಿಟ್ಟೆ. ಹೊರಡುವ ದಿನ ಬಸ್‌ಸ್ಟ್ಯಾಂಡಿನ ಚಹದಂಗಡಿಯಲ್ಲಿ ಕುಳಿತು ಒಂದು ಹಾಳೆ ಬರೆದೆ. ಎದುರಿಗೆ ಹಿಟ್ಟಿನ ಗಿರಣಿ, ಅದರ ಬೋರ್ಡಿನ ಮೇಲೆ ಭರಮಪ್ಪ ಎಂದಿತ್ತು. ಗಡಿಮುತ್ಯಾನನ್ನು ಭರಮಪ್ಪ ಮಾಡಿದೆ. ಬರೀ ಹೆಸರು ಬರೆದರೆ ನಂಬಿಕೆ ಬಾರದೆಂದು, ಕಳ್ಳರು ಕೈ ಮುರಿದರೂ ಚೌಕಿ ಬಿಟ್ಟು ಕದಲಲಿಲ್ಲ ಎಂದು ಸೇರಿಸಿದೆ.

ಕಾಕಾ ಆ ಹಾಳೆಯನ್ನು ಲೇತ್ ಯಂತ್ರದ ಪಕ್ಕದಲ್ಲೇ ನಿಂತು ಓದಿದರು. ಭರಮಪ್ಪ ಎಂಬ ಅಕ್ಷರಗಳ ಕೆಳಗೆ ಉಗುರು ಎಳೆದರು. ಉಗುರು ಎಲ್ಲೂ ತಡೆಯಲಿಲ್ಲ.

"ಕೈ ಮುರದ್ರೂ ಬಿಡಲಿಲ್ಲಂತ?"

"ಹೌದ್ರಿ ಕಾಕಾ."

"ಮುದುಕ ಓದಿ ಹೇಳಿದ್ನೋ, ಹಾಡಿ ಹೇಳಿದ್ನೋ?"

"ಹಾಡಿ ಹೇಳಿದನ್ರಿ."

"ರಗ್ಗು ಹೊದ್ದನೇನು?"

"ಹೊದಕೊಂಡ ಕುಂತ ಹೇಳಿದನ್ರಿ."

ಅವರು ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡರು. ಗ್ರೀಸಿನ ಕಲೆ ನನ್ನ ಅಂಗಿಯ ತೋಳಿಗೆ ಹತ್ತಿತು.

ಗಂಡು ಮಗುವೇ ಹುಟ್ಟಿತು. ಭರಮಪ್ಪ ಎಂದು ಹೆಸರಿಟ್ಟರು. "ಇಂಥಾ ಹಳೇ ಹೆಸರಾ?" ಎಂದ ಸೊಸೆಗೆ, "ಚೌಕಿ ಬಿಡದವನ ಹೆಸರವ್ವಾ," ಎಂದರಂತೆ. ಅಮಾವಾಸ್ಯೆಗೆ ನನ್ನನ್ನು ತಪ್ಪದೆ ಕರೆಯುತ್ತಿದ್ದರು. ನಾಲ್ಕನೇ ಮಹಡಿಯ ಅವರ ಫ್ಲ್ಯಾಟಿನಲ್ಲಿ ಎಲೆ ಹಾಸಿ, ಹೋಳಿಗೆ ಬಡಿಸಿ, "ಭರಮಪ್ಪ ಮುತ್ಯಾ, ಉಣ್ಣಾಕ ಬಾ," ಎಂದು ಗಟ್ಟಿಯಾಗಿ ಕರೆಯುವರು. ಆಮೇಲೆ ಮೊದಲ ಹೋಳಿಗೆ ನನ್ನ ತಟ್ಟೆಗೆ. ನಾನು ತಿನ್ನುತ್ತಿದ್ದೆ. ಹನ್ನೊಂದು ವರ್ಷ ತಿಂದೆ.

ಹೇಳಬೇಕೆಂದು ಒಮ್ಮೆ ಮಾತ್ರ ಬಾಯಿ ತೆರೆದೆ. ಕಾಕಾ ಆಸ್ಪತ್ರೆಯಲ್ಲಿದ್ದರು, ಮೂಗಿಗೆ ನಳಿಕೆ. "ಕಾಕಾ, ಆ ಹೆಳವನ ಮಾತು..." ಎಂದು ಶುರುಮಾಡಿದೆ.

"ಹೌದಲ್ಲ, ಛಲೋ ನೆನಪ ಮಾಡಿದಿ," ಎಂದರು. "ಆ ರಗ್ಗು ಹರದಿರಬೇಕು. ಇನ್ನೊಂದು ಕಳಸಬೇಕ ನೋಡ ಅವಗ."

ಆಗಲಿ ಎಂದು ತಲೆಯಾಡಿಸಿದೆ. ನಾಲ್ಕು ದಿನಕ್ಕೆ ಅವರು ತೀರಿಕೊಂಡರು. ಊರಿನ ವಿಮಾನಕ್ಕೆ ಏರಿಸುವ ಶವಪೆಟ್ಟಿಗೆ ಮುಚ್ಚುವ ಮುಂಚೆ ನಾನು ಅವರ ಮುಖ ನೋಡಲಿಲ್ಲ, ಆ ಉಗುರನ್ನು ನೋಡಿದೆ.

ಈ ಸಲ ರಜೆಗೆ ಊರಿಗೆ ಹೋದಾಗ ಹೊಸ ರಗ್ಗು ಹೊತ್ತುಕೊಂಡು ಹೆಳವನ ಊರಿಗೆ ಹೋದೆ. ಮುದುಕ ಇರಲಿಲ್ಲ. ನಾನು ಹೋಗದೆ ಉಳಿದ ಆ ರಜೆಯ ಮೇಲೆ ಇನ್ನೂ ಎರಡು ವರ್ಷ ಬದುಕಿದ್ದನಂತೆ. ಅವನ ಮಗ ಪುಸ್ತಕ ತೆರೆದು ಕಾಕಾನ ಮನೆತನ ತೋರಿಸಿದ. ಮೇಲಿನ ಸಾಲಿನಲ್ಲಿ ಹೊಸ ಶಾಯಿ: ಭರಮಪ್ಪ, ಗಡಿಚೌಕಿಯವ, ಕೈ ಮುರಿದರೂ ಕದಲದವ.

"ಇದನ್ನ ಯಾರ ಬರದ್ರು?" ಎಂದೆ.

"ನಾನ ಬರದೇನ್ರಿ. ಆ ಮನೆತನದ್ದು ಹಳೇದೆಲ್ಲಾ ನಮ್ಮಪ್ಪನ ಬಾಯಾಗ ಇತ್ತು, ಪುಸ್ತಕದಾಗ ಇರಲಿಲ್ಲ. ನಿಮ್ಮ ಕಾಕಾ ಅವರ ಮಗ ತಮ್ಮಪ್ಪನ ವರ್ಷದ ಕಾರ್ಯಕ್ಕ ಬಂದಾಗ ಇದನ್ನ ಹೇಳಿದ್ರು. ನಮ್ಮಪ್ಪನ ಹಾಡಿ ಹೇಳಿದ್ದಂತಲ್ರಿ? ಹಂಗಾರ ಖರೇನ ಇರಬೇಕು ಅಂತ ಬರದೆ."

ಅದು ಸುಳ್ಳು, ಹೊಡೆದು ಹಾಕು ಎಂದೆ. ಅವನು ಪೆನ್ನು ತೆಗೆದು ನನ್ನ ಮುಖ ನೋಡಿದ.

"ಹೊಡದ ಹಾಕತೇನ್ರಿ. ಆ ಜಾಗಾದಾಗ ಏನ ಬರೀಲಿ?"

ಹುಳ ಒಂದು ಕಾಗದವನ್ನಷ್ಟೇ ತಿಂದಿತ್ತು. ಹೆಸರು ಆಮೇಲೂ ಒಬ್ಬ ಮುದುಕನ ಬಾಯಲ್ಲಿ ಜೀವಂತವಿತ್ತು. ಅದನ್ನು ಕಳೆದವನು ನಾನು.

ಕುವೈತಿಗೆ ಮರಳಿದ ಮೇಲೆ, ಮೊನ್ನೆ ಶುಕ್ರವಾರ ಎಗೈಲಾ ಬಡಾವಣೆಯ ಅವರ ಮನೆಗೆ ಹೋಗಿ ಕಾಕಾನ ಮಗನಿಗೆ ಎಲ್ಲ ಹೇಳಿದೆ. ಒಳಗೆ ಭರಮಪ್ಪ ಯಾರೊಡನೆಯೋ ಇಂಗ್ಲಿಷಿನಲ್ಲಿ ಮಾತಾಡುತ್ತಾ ನಗುತ್ತಿದ್ದ.

"ಅಪ್ಪಾಗ ಹೇಳಿದ್ರೇನು ಮಾಮಾ?"

"ಇಲ್ಲ."

"ಹೇಳಿದ್ರ ಬೈತಿದ್ರು. ಬೈದು, ಊಟಕ್ಕ ಕೂಡಸ್ತಿದ್ರು."

ಅಷ್ಟು ಹೇಳಿ ಎದ್ದು ಒಂದು ಬಿಳಿಹಾಳೆ ತಂದು ನನ್ನ ಮುಂದಿಟ್ಟ. "ಅದನ್ನ ಬರದಾವರು ನೀವು. ಇದನ್ನೂ ನೀವ ಬರೀರಿ. ಹೆಳವನ ಪುಸ್ತಕದಾಗ ಅಂಟಸಾಕ ಹೇಳತೇನಿ."

ಅಲ್ಲೇ ಕುಳಿತು ಬರೆದೆ. ಗಡಿಮುತ್ಯಾನ ಹೆಸರು ತಿಳಿಯದು, ಭರಮಪ್ಪ ಎಂಬುದು ಗಿರಣಿಯ ಬೋರ್ಡಿನದು ಎಂದು ಬರೆದೆ. ರಗ್ಗಿನ ಸಂಗತಿಯನ್ನೂ ಬರೆದೆ. ಕೆಳಗೆ ನನ್ನ ಹೆಸರು, ಯಾರ ಮಗ, ಯಾವ ಊರಿನವನು ಎಂಬುದನ್ನು ಎಲ್ಲೂ ಬಿಡದೆ ತುಂಬಿದೆ. ಆ ಹಾಳೆಗೆ ಹುಳ ಹತ್ತದಿರಲಿ.