ಲೇಬಲ್ ಕೆರೆದ ಬಾಟಲಿ

ಊರಿಗೆ ಹೋದವರು ಸೌದಿಯ ರಾಬಿಗ್‌ಗೆ ವಾಪಸು ಬರುವಾಗ ಪೆಟ್ಟಿಗೆಯಲ್ಲಿ ಅರ್ಧ ಸಾಮಾನು ಬೇರೆಯವರದ್ದೇ. ಆದರೆ ನನ್ನದೊಂದು ಕ್ರಮ ಉಂಟು: ಯಾರು ಕೊಟ್ಟ ಕಟ್ಟೇ ಆಗಲಿ, ಬಿಚ್ಚಿ ನೋಡದೆ ಒಳಗೆ ಹಾಕುವುದಿಲ್ಲ. ಉಪ್ಪಿನಕಾಯಿಯನ್ನೂ ಕಲಕಿ ನೋಡುವವಳು ನಾನು. ಜಿದ್ದಾ ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ ಜೈಲು ನನಗೇ ತಾನೆ?

ಆ ಸಲ ರಾಬಿಗ್‌ನಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿರುವ ಹುಡುಗಿಯ ತಾಯಿ ಕುಂದಾಪುರದಿಂದ ಉಡುಪಿಯ ನಮ್ಮ ಮನೆಗೆ ಬಂದು ಒಂದು ಡಬ್ಬಿ ಕೊಟ್ಟು ಹೋದರು. ಹುಡುಗಿ ಏಳು ತಿಂಗಳ ಬಸುರಿ. ಬಿಚ್ಚಿದರೆ ಎಳ್ಳುಂಡೆ, ಅದರಡಿಯಲ್ಲಿ ಮಾತ್ರೆಯ ಬಾಟಲಿಗಳು. ಲೇಬಲ್ಲನ್ನು ಉಗುರಿನಿಂದ ಕೆರೆದು ತೆಗೆದಿದ್ದರು! ನನಗೆ ಮೈಯೆಲ್ಲ ಉರಿಯಿತು. ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. "ಹೆಸರಿಲ್ಲದ ಮಾತ್ರೆ ಹಿಡಿದುಕೊಂಡು ಹೋದರೆ ನನ್ನ ಗತಿ ಎಂತ ಮಾರಾಯ್ರೇ?"

ಆಚೆಯಿಂದ ಅಳು. "ಎಚ್‌ಐವಿ ಮಾತ್ರೆ ಅಮ್ಮಾ ಅದು," ಅಂದರು. ಬಸುರಿಯಾಗಿ ಊರಿಗೆ ಬಂದಿದ್ದಾಗ ರಕ್ತಪರೀಕ್ಷೆಯಲ್ಲಿ ಗೊತ್ತಾದದ್ದಂತೆ. ದಿನಾ ತಪ್ಪದೆ ತೆಗೆದುಕೊಂಡರೆ ಮಗುವಿಗೆ ಬಾರದ ಹಾಗೆ ನೋಡಿಕೊಳ್ಳಬಹುದು ಅಂದಿದ್ದರಂತೆ ಡಾಕ್ಟರು. "ಅಲ್ಲಿ ಗೊತ್ತಾದರೆ ವಾಪಸು ಕಳಿಸ್ತಾರಂತೆ. ಇಲ್ಲಿ ಗೊತ್ತಾದರೆ ಅತ್ತೆ ಮನೆಯವರು ಹೊಸ್ತಿಲು ತುಳಿಯಲಿಕ್ಕೆ ಬಿಡುದಿಲ್ಲ. ಯಾರ ಕಣ್ಣಿಗೂ ಬೀಳುದು ಬೇಡ ಅಂತ ಕೆರೆದೆ."

ವಾರಕ್ಕೊಮ್ಮೆ ನಮ್ಮಲ್ಲಿಗೆ ಬಂದು ನೀರುದೋಸೆ ತಿಂದು, ನನ್ನ ಗಂಡನ ಗೊರಕೆಯನ್ನು ತಮಾಷೆ ಮಾಡುತ್ತಿದ್ದ ಹುಡುಗಿ! ಒಂದು ದಿನವಾದರೂ ಮುಖ ಸಪ್ಪೆ ಮಾಡಿದ್ದು ನೆನಪಾಗಲಿಲ್ಲ.

ಲೇಬಲ್ ಇದ್ದ ಹೊಸ ಬಾಟಲಿ, ಡಾಕ್ಟರ ಚೀಟಿ ತರಿಸಿಯೇ ಹೊರಟೆ. ಜಿದ್ದಾದಲ್ಲಿ ಜೀವ ಬಾಯಿಗೆ ಬಂದಿತ್ತು. ಕಸ್ಟಮ್ಸಿನ ಪುಣ್ಯಾತ್ಮ ಪೆಟ್ಟಿಗೆ ತೆರೆಯಲೂ ಇಲ್ಲ, "ಯಲ್ಲಾ", ನಡಿ ಅಂದುಬಿಟ್ಟ.

ಮನೆಗೆ ಬಂದವಳೇ ಮೇಲೆ ಹೋಗಿ ಕೊಟ್ಟೆ. ಲೇಬಲ್ ನೋಡಿ ಹುಡುಗಿಯ ಮುಖ ಬಿಳುಚಿತು. ನನಗೆ ಗೊತ್ತಾಗಿದೆಯೆಂದು ಅವಳಿಗೆ ತಿಳಿಯಿತು. ಆದರೂ ಗಡಿಬಿಡಿಯಲ್ಲಿ ಮುಚ್ಚಳ ತಿರುಗಿಸಿ, ನೀರೂ ಇಲ್ಲದೆ ಒಂದು ಮಾತ್ರೆ ನುಂಗಿದಳು.

"ಮುಗಿದೇ ಹೋಗಿತ್ತಾ?"

"ಇಲ್ಲ ಅಕ್ಕ. ನೀವು ಬರುವವರೆಗೆ ಇರಲಿ ಅಂತ ಒಂದು ದಿನ ಬಿಟ್ಟು ಒಂದು ದಿನ ತಗೊಳ್ತಿದ್ದೆ."

"ಅಯ್ಯೋ ಹುಚ್ಚಿ! ಮಗುವಿಗೆ ಹೆಚ್ಚುಕಮ್ಮಿ ಆದರೆ? ನಾನು ಊರಿಗೆ ಹೊರಡುವ ಮೊದಲೇ ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?"

"ಹೇಳಿದ್ದರೆ ತರ್ತಿದ್ರಾ ಅಕ್ಕ?"

ತರುತ್ತಿದ್ದೆ ಅನ್ನಲು ಬಾಯಿ ತೆರೆದೆ. ಅದರ ಬದಲು ಅವಳ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟೆ.