ನೆರೆಯವನ ಹಗೇವು

ತುರ್ವಿಹಾಳದಲ್ಲಿ ನಮ್ಮ ನೆರೆಮನೆಯ ರೈತ ಸದಾ ತನ್ನ ಹಗೇವಿನ ಮೇಲೆಯೇ ಹೊರಸು ಹಾಕಿ ಕೂಡುತ್ತಿದ್ದ. ಜೋಳ ಹೂಳಿಡುವ ಆ ನೆಲಗುಳಿಯ ಬಾಯಿಗೆ ವರ್ಷಕ್ಕೊಮ್ಮೆ ಹೊಸ ಮಣ್ಣು ಮೆತ್ತಿ ಸಗಣಿ ಸಾರಿಸುತ್ತಿದ್ದ. ಯಾರೇ ಬಂದರೂ ಅಂಗೈಯಿಂದ ನೆಲ ತಟ್ಟಿ, “ತುಂಬೈತಿ” ಅನ್ನುತ್ತಿದ್ದ.

ಅವನ ಹೆಂಡತಿ ದಿನಾ ನಮ್ಮಲ್ಲಿಂದ ಹಿಟ್ಟು ಕಡ ಒಯ್ಯುತ್ತಿದ್ದಳು. “ನಡುವರ್ಷ ಹಗೇವು ತೆಗದ್ರ ಹುಳ ಬೀಳ್ತಾವಂತ್ರಿ” ಎಂದು ಗಂಡನ ಮಾತನ್ನೇ ಹೇಳಿ ತಲೆ ತಗ್ಗಿಸುತ್ತಿದ್ದಳು.

ಊರು ಮಾತ್ರ ನಂಬಿತ್ತು. ಹಗೇವು ತುಂಬಿದವನೆಂದು ಅವನಿಗೆ ತಾನಾಗಿ ಜೋಡೆತ್ತು ಕೊಟ್ಟಿತು, ಬೀಜ ಕೊಟ್ಟಿತು. ಅವನಷ್ಟೇ ಹೊಲವಿದ್ದ ಹಿಂದಿನ ಓಣಿಯವನೊಬ್ಬ, “ನಂದು ಖಾಲಿ ಐತ್ರಿ” ಎಂದು ನಿಜ ಹೇಳಿದ. ಅವನಿಗೆ ಯಾರೂ ಎತ್ತು ಕೊಡಲಿಲ್ಲ. ಅವನು ಹೊಲ ಬೀಳುಬಿಟ್ಟು ಕಾಲುವೆ ಅಗೆಯುವ ಕೂಲಿಗೆ ಹೋದ.

ಎರಡು ವರ್ಷದಲ್ಲಿ ನೆರೆಯವನ ಜೋಳ ಆಳೆತ್ತರ ಬೆಳೆಯಿತು. ಚೀಲಗಳಿಂದ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. “ಹಗೇವಿಗೆ ಸುರಿಯಪ್ಪಾ” ಎಂದೆ.

“ತುಂಬಿದ್ದರಾಗ ಹೆಂಗ ಸುರೀಲಿ? ಮಂದಿ ನೋಡಾಕತ್ತಾರ. ಇನ್ನೊಂದು ತೋಡೂಣು, ಗುದ್ದಲಿ ತಗೊಂಡು ಬಾ.”

ತೋಡುವಾಗ ನನ್ನ ಗುದ್ದಲಿ ಏಟಿಗೆ ಪಕ್ಕದ ಮಣ್ಣು ಕುಸಿದು ಹಳೆಯ ಹಗೇವಿಗೆ ಕಿಂಡಿ ಬಿತ್ತು. ಒಳಗೆ ಒಂದು ಕಾಳೂ ಇರಲಿಲ್ಲ. ಅವನು ನನ್ನ ಮುಖ ನೋಡಿದ. ಆಮೇಲೆ, ಏನೂ ಆಗದವನಂತೆ, ಮಣ್ಣು ಕಲೆಸಿ ಕಿಂಡಿ ಮುಚ್ಚತೊಡಗಿದ.

ಮೇಲಿನಿಂದ ಯಾರೋ ಬಗ್ಗಿ ಕೇಳಿದರು: “ಹಳೇದು ಹೆಂಗೈತೋ?”

ಅವನಿಗಿಂತ ಮೊದಲು ನಾನೇ ಹೇಳಿದೆ:

“ತುಂಬೈತಿ.”