ಮುಚ್ಚಿಟ್ಟ ತಾಟು

ಮೊದಲ ದಿನ ಆಯಿ ನಮ್ಮ ಮನೆಯಲ್ಲಿ ಉಂಡಿದ್ದಳೇ ಇಲ್ಲವೇ ಎಂಬ ವಿಷಯದಲ್ಲಿ ನನಗೂ ನನ್ನ ಹೆಂಡತಿಗೂ ಈಗಲೂ ಒಮ್ಮತವಿಲ್ಲ. ಅನ್ನ ಸಾರು ಉಂಡು ತಾಟು ತೊಳೆದು ಬೋರಲು ಹಾಕಿದ್ದಳು ಎನ್ನುತ್ತಾಳೆ ಅವಳು. ನನ್ನ ನೆನಪಿನಲ್ಲಿ ಮುಚ್ಚಿಟ್ಟ ತಾಟು ಮುಚ್ಚಿದಂತೆಯೇ ಇದೆ, ಒಳಗಿನ ರೊಟ್ಟಿ ಸೆಟೆದು ನಿಂತಿದೆ. ಆಮೇಲಿನ ಯಾವುದೋ ದಿನವನ್ನು ತಂದು ನಾನೇ ಮೊದಲ ದಿನದ ಜಾಗದಲ್ಲಿ ಇಟ್ಟುಕೊಂಡಿರಲೂಬಹುದು.

ಆಯಿ ಎಂದರೆ ನಮ್ಮ ಕೂಸನ್ನು ನೋಡಿಕೊಳ್ಳಲು ಚಂದ್ರಬಂಡದಿಂದ ಬೆಳಗಿನ ಬಸ್ಸಿಗೆ ರಾಯಚೂರಿಗೆ ಬರುತ್ತಿದ್ದ ವಯಸ್ಸಾದ ಹೆಣ್ಣುಮಗಳು. ಹೆಂಡತಿ ಮಾನ್ವಿಯಲ್ಲಿ ಹೈಸ್ಕೂಲ್ ಟೀಚರು, ಹೆರಿಗೆ ರಜೆ ಮುಗಿದಿತ್ತು. ನಾನು ಯರಗೇರಾದಲ್ಲಿ ಅತಿಥಿ ಉಪನ್ಯಾಸಕ. ದೇವದುರ್ಗದಲ್ಲಿದ್ದ ನನ್ನವ್ವನಿಗೆ ಮೊಣಕಾಲು ನೋವು, ಅಂಬೆಗಾಲಿಡುವ ಕೂಸಿನ ಹಿಂದೆ ತಿರುಗುವುದು ಅವಳಿಂದಾಗದು. ಆಯಿ ಬಿಟ್ಟರೆ ಹೆಂಡತಿ ಕೆಲಸ ಬಿಡಬೇಕಿತ್ತು. ಅವಳ ತವರಿನಲ್ಲಿ ಹೆಣ್ಣುಮಕ್ಕಳು ಕೂಲಿಗೆ ಹೋದವರೇ ಹೊರತು ಪಗಾರದ ಕೆಲಸ ಹಿಡಿದವಳು ಇವಳೊಬ್ಬಳೇ. ಅದನ್ನು ಬಿಡುವ ಮಾತು ಬಂದರೆ ಅವಳು ಎದ್ದು ಬೇರೆ ಕೋಣೆಗೆ ಹೋಗಿಬಿಡುತ್ತಿದ್ದಳು.

ನಾವು ಹೊರಡುವಾಗ ಅಡುಗೆ ಆಗಿರುತ್ತಿತ್ತು. ತಾಟಿನಲ್ಲಿ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಹಾಕಿ ಮುಚ್ಚಿಟ್ಟು, ಹಸಿವಾದಾಗ ಉಣ್ರಿ, ಕಡಿಮಿ ಬಿದ್ರ ಬುಟ್ಟಿಯಾಗ ಇನ್ನೂ ಅದ, ಹಾಕ್ಕೊಳ್ರಿ ಎಂದು ಹೇಳಿ ಬಸ್ಸಿಗೆ ಓಡುತ್ತಿದ್ದೆವು. ಇದಕ್ಕಿಂತ ಧಾರಾಳವಾಗಿ ಹೇಗೆ ಹೇಳಬೇಕೋ ನಮಗೆ ತಿಳಿದಿರಲಿಲ್ಲ. ಸಂಜೆ ಬಂದು ನೋಡಿದರೆ ತಾಟು ಹಾಗೇ. ಆಯಿ ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದ ಶೇಂಗಾ ಬೆಲ್ಲ ತಿಂದುಕೊಂಡು ಕೂತಿರುತ್ತಿದ್ದಳು. ಕೇಳಿದರೆ, ಹಸಿವಿರಲಿಲ್ಲ ಅನ್ನುತ್ತಿದ್ದಳು.

ನನಗೆ ಕಾರಣ ಗೊತ್ತಾಗಿಬಿಟ್ಟಿತ್ತು. ಅವಳ ಕೊರಳಲ್ಲಿ ಲಿಂಗವಿತ್ತು, ನಮ್ಮ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಸಮಾಜಶಾಸ್ತ್ರ ಓದಿದವನಿಗೆ ಇನ್ನೇನು ಬೇಕು? ಹೆಂಡತಿ ಒಪ್ಪಲಿಲ್ಲ. ಬೆಳಗ್ಗೆ ನಮ್ಮದೇ ಕಪ್ಪಿನಲ್ಲಿ ಚಹಾ ಕುಡಿಯುತ್ತಾಳಲ್ಲ ಎಂದಳು. ಚಹಾದ ಲೆಕ್ಕ ಬೇರೆ, ಹೋಟೆಲಿನಲ್ಲಿ ಚಹಾ ಮಾಡಿದವನ ಜಾತಿ ಯಾರೂ ಕೇಳುವುದಿಲ್ಲ ಎಂದು ನಾನು ವಿವರಿಸಲು ಹೊರಟೆ.

“ನಿಮ್ಮ ಎಂ.ಎ. ಚಹಾದಾಗ ಅದ್ದಿ ತಿನ್ರಿ,” ಎಂದು ಅವಳು ಚೀಲ ಹೆಗಲಿಗೆ ಹಾಕಿದಳು.

ಆಯಿಯನ್ನೇ ಕೇಳಬಹುದಿತ್ತು. ಆದರೆ ಆ ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳುವುದು? ಹೌದೆಂದರೆ ಮರುದಿನ ಅವಳ ಕೈಗೆ ಮಗಳನ್ನು ಹೇಗೆ ಕೊಡುವುದು? ಕೇಳುವ ಬದಲು ನಾನು ಒಂದು ಏರ್ಪಾಡು ಮಾಡಿದೆ. ನಮ್ಮ ಓಣಿಯ ಆಚೆ ಒಂದು ಖಾನಾವಳಿ ಇತ್ತು, ನಡೆಸುವವರು ಹಣೆ ತುಂಬ ವಿಭೂತಿ ಹಚ್ಚುವವರು. ಮಧ್ಯಾಹ್ನ ಅಲ್ಲಿಂದ ಡಬ್ಬಿ ಬರುವಂತೆ ಹೇಳಿದೆ. ಇದರಿಂದ ಅವಳಿಗೂ ಮುಜುಗರವಿಲ್ಲ, ನಮಗೂ ಇಲ್ಲ ಎಂದುಕೊಂಡೆ.

ಡಬ್ಬಿ ಎಷ್ಟು ದಿನ ಬಂತೋ ನೆನಪಿಲ್ಲ. ಒಂದು ಸಂಜೆ ಅದು ಬಾಗಿಲ ಬಳಿಯೇ ಇತ್ತು, ಮುಚ್ಚಳ ತೆಗೆದಿರಲಿಲ್ಲ. ಆಯಿ ಮಗಳನ್ನು ಹೆಂಡತಿಯ ಕೈಗೆ ಕೊಟ್ಟು, ಈ ತಿಂಗಳಾದ ಮೇಲೆ ಬರುವುದಿಲ್ಲ ಎಂದಳು. ಯಾಕೆ ಎಂದು ಹೆಂಡತಿ ಕೇಳಿದಳು. ಆಯಿ ನನ್ನ ಕಡೆ ತಿರುಗಿದಳು.

“ನನ್ನ ಸಲುವಾಗಿ ಹೊರಗಿನ ಕೂಳು ತರಸ್ತೀರಿ. ನಿಮ್ಮ ಮನ್ಯಾಗ ಒಲಿ ಹತ್ತೂದಿಲ್ಲೇನ್ರಿ?”

ಮನೆಯದನ್ನು ಉಣ್ಣದವಳು ಹೊರಗಿನದು ತಂದದ್ದಕ್ಕೆ ಸಿಟ್ಟಾಗಿದ್ದಳು. ನನ್ನ ಕಾರಣಕ್ಕೂ ಈ ಸಿಟ್ಟಿಗೂ ತಾಳೆಯಾಗಲಿಲ್ಲ. ಅವಳು ಹೋದ ಮೇಲೆ ಹೆಂಡತಿ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು.

ಸುದ್ದಿ ತಿಳಿದು ಅವ್ವ ದೇವದುರ್ಗದಿಂದ ಬಂದಳು, ಅಂದು ನಾನು ರಜೆ ಹಾಕಿದ್ದೆ. ಕುಂಟುತ್ತಾ ಒಳಗೆ ಬಂದವಳು ಯಾರನ್ನೂ ಏನೂ ಕೇಳಲಿಲ್ಲ. ಮಧ್ಯಾಹ್ನ ಅಡುಗೆಮನೆಯಲ್ಲಿ ಎರಡು ತಾಟು ಇಟ್ಟು, ಆಯಿಯನ್ನು ಕರೆದು, ಎದುರು ಕೂತು ನೀಡಿದಳು. ಅವ್ವನ ಕಾಲದಲ್ಲಿ ಗೌಡರ ಹೊಲದಲ್ಲಿ ಅವಳಿಗೆ ಮೇಲಿನಿಂದ ನೀಡುತ್ತಿದ್ದರು, ಸೌಟು ತಾಟಿಗೆ ತಾಗಬಾರದಿತ್ತು. ಅವಳು ಸೌಟನ್ನು ಆಯಿಯ ತಾಟಿಗೆ ತಾಗಿಸಿಯೇ ಪಲ್ಯ ಹಾಕಿದಳು. ಬೇಕೆಂದೇ ತಾಗಿಸಿದಳೋ, ಕೈ ಹಾಗೆ ಬಂತೋ, ನೋಡುತ್ತಾ ನಿಂತಿದ್ದ ನನಗೇ ಹಾಗೆ ಕಂಡಿತೋ ಗೊತ್ತಿಲ್ಲ. ಆಯಿ ಮಾತ್ರ ಉಂಡಳು, ರೊಟ್ಟಿ ಮುರಿದು ಮುರಿದು, ಹೊಟ್ಟೆ ತುಂಬ.

ಅದ್ಹೇಗೆ ಉಂಡಳು ಎಂದು ಅವ್ವನನ್ನು ಕೇಳಿದೆ.

“ನೀಡಿದೆ. ಉಂಡಳು,” ಎಂದಳು.

ಇನ್ನು ತಡೆಯಲಾಗದೆ ಆಯಿಯನ್ನೇ ಕೇಳಿದೆ. ಅವಳಿಗೆ ನಗು ಬಂತು. ನೀಡುವವರಿಲ್ಲದ ಮನೆಯಲ್ಲಿ ತಾನೇ ಬುಟ್ಟಿಗೆ ಕೈ ಹಾಕಿ ಉಂಡರೆ ಕದ್ದು ಉಂಡಂತೆ, ಮುಚ್ಚಿಟ್ಟು ಹೋದ ತಾಟು ಅಂಗಳದಲ್ಲಿ ಬಂದು ನಿಂತವರಿಗೆ ಇಟ್ಟಂತೆ, ತನಗೆ ಹಾಗೆ ಉಂಡು ರೂಢಿಯಿಲ್ಲ ಎಂದಳು.

“ಅಷ್ಟೇ ಏನು ಆಯೀ?”

“ಮತ್ತೇನಂತ ತಿಳಕೊಂಡಿದ್ರಿ?”

ನಾನು ಗೋಡೆಯ ಮೇಲಿನ ಪಟದ ಕಡೆ ನೋಡಲಿಲ್ಲ. ಅವಳೂ ನೋಡಲಿಲ್ಲ. ಇಬ್ಬರೂ ನೋಡದೇ ಇದ್ದದ್ದು ಪಟದ ಅರ್ಥ ಇಬ್ಬರಿಗೂ ಗೊತ್ತಿದ್ದುದರಿಂದಲೋ, ಅವಳ ಮನಸ್ಸಿನಲ್ಲಿ ನಿಜಕ್ಕೂ ಏನೂ ಇಲ್ಲದ್ದರಿಂದಲೋ ಇವತ್ತಿಗೂ ಹೇಳಲಾರೆ. ಅವಳು ಹೇಳಿದ್ದು ಪೂರ್ತಿ ನಿಜವಿರಬಹುದು. ಅವ್ವನ ಕೈಯಿಂದ ಉಂಡ ಮೇಲೆ ನಿಜವಾದದ್ದೂ ಇರಬಹುದು.

ಅವ್ವ ಊರಿಗೆ ಹೊರಟಳು. ಮಧ್ಯಾಹ್ನ ನೀಡುವವರು ಯಾರು? ಹೆಂಡತಿ ಮಾನ್ವಿಯಿಂದ ಬರುವಂತಿರಲಿಲ್ಲ. ನಾನು ವಿಭಾಗದಲ್ಲಿ ಕೇಳಿಕೊಂಡು ನನ್ನ ತರಗತಿಗಳನ್ನು ಬೆಳಗಿಗೆ ಹಾಕಿಸಿಕೊಂಡೆ. ಊಟದ ಹೊತ್ತಿಗೆ ಯರಗೇರಾದಿಂದ ಬಸ್ಸು ಹಿಡಿದು ಬಂದು, ಕೈಕಾಲು ತೊಳೆದು, ಎರಡು ತಾಟು ಇಟ್ಟೆ. ನೀಡಲು ಬರದೆ ಸಾರು ಅಂಚು ದಾಟಿತು. ಎದುರು ಕೂತು ನಾನೂ ಉಂಡೆ, ಅವಳ ತಾಟು ನೋಡಬಾರದೆಂದುಕೊಂಡು ಅದನ್ನೇ ನೋಡುತ್ತಾ. ಮಗಳು ನಮ್ಮಿಬ್ಬರ ನಡುವೆ ಒಂದು ಚೂರು ರೊಟ್ಟಿ ಚೀಪುತ್ತಿದ್ದಳು. ತಿಂಗಳು ಮುಗಿಯುತ್ತಾ ಬಂದಿತ್ತು, ಹೋಗುವ ಮಾತನ್ನು ಆಯಿ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ.

ಅವಳು ಪಲ್ಯವನ್ನು ರೊಟ್ಟಿಯಿಂದ ಎತ್ತಿ ಬಾಯಿಗಿಟ್ಟು, ಸ್ವಲ್ಪ ಹೊತ್ತು ಅಗಿದು, ಮುಖ ಕಿವುಚಿದಳು.

“ಟೀಚರಿಗೆ ಹೇಳ್ರಿ ಸರ, ಇದರಾಗ ಉಪ್ಪಿಲ್ಲ. ಬರೋ ತಿಂಗಳದಾಗ ಪುಂಡಿ ಸೊಪ್ಪು ಚಲೋ ಬರ್ತದ, ನಾನೇ ತರ್ತೀನಿ.”

ಬರುವ ತಿಂಗಳು ಅಂದಳು. ಅದು ಖಂಡಿತ. ಸಂಜೆ ಹೆಂಡತಿಗೆ ಹೇಳಿದಾಗ ಅವಳು ಮತ್ತೆ ಮತ್ತೆ ಅದೇ ಮಾತು ಹೇಳಿಸಿದಳು, ನಿಮ್ಮ ನೆನಪನ್ನು ಹೇಗೆ ನಂಬುವುದು ಎಂದಳು, ಆಮೇಲೆ ಎದ್ದು ಮರುದಿನದ ಪಾಠ ತಯಾರಿಗೆ ಕೂತಳು.